ಚೆಂಡು ಅಲುಗಿತ್ತು

“ಅಲ್ಲೇ ನಿಂದ್ರಿ. ಇನ್ನೊಂದು ಹೆಜ್ಜಿ ಮುಂದ ಇಡಬ್ಯಾಡ್ರಿ.”

ಆಮ್ರಪಾಲಿಯ ದನಿಗೆ ಆ ಅಪರಿಚಿತ ಯುವಕ ಥಟ್ಟನೆ ನಿಂತ. ಆದರೆ ತಡವಾಗಿತ್ತು. ಅವನ ಬೂಟಿನ ಗುರುತು ಏಳನೆಯ ಕುಳಿಯ ತನಕ ಸಾಲಾಗಿ ಮೂಡಿಬಿಟ್ಟಿತ್ತು.

ಬೀದರದ ಹೊರವಲಯದಲ್ಲಿ, ಕೆಂಪು ಕಲ್ಲಿನ ದಿನ್ನೆಯ ಮೇಲೆ, ಒಂಬತ್ತು ಕುಳಿಯ ಒಂದು ಚಿಕ್ಕ ಗಾಲ್ಫ್ ಮೈದಾನ. ದೊಡ್ಡ ಊರುಗಳಲ್ಲಿ ಕುಳಿಯ ಸುತ್ತ ಮೆತ್ತನೆಯ ಹಸಿರು ಹುಲ್ಲಿರುತ್ತದೆ. ಇಲ್ಲಿ ಅಷ್ಟು ನೀರಿಲ್ಲ. ಎಣ್ಣೆ ಕಲಸಿ ಒತ್ತಿದ ಮರಳೇ ಇಲ್ಲಿಯ ಅಂಗಳ. ಆಟಗಾರರು ಅದನ್ನು ‘ಬ್ರೌನ್’ ಎನ್ನುತ್ತಾರೆ. ದಿನಾ ಬೆಳಗ್ಗೆ ಒಂಬತ್ತೂ ಬ್ರೌನ್‌ಗಳನ್ನು ಗೋಣಿತಟ್ಟು ಕಟ್ಟಿದ ಹಲಗೆ ಎಳೆದು ಕನ್ನಡಿಯಂತೆ ಮಾಡುವವನು ಆಮ್ರಪಾಲಿಯ ಅಪ್ಪ ಮಚ್ಛೇಂದ್ರ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ.

“ನಮ್ಮಪ್ಪ ನಸುಕಿನ್ಯಾಗ ಎದ್ದು ಇದನ್ನ ಮಾಡ್ಯಾರ. ನಿಮಗ ಕಾಣಲಿಲ್ಲೇನ್ರಿ?”

“ಮಾಫ್ ಮಾಡ್ರಿ. ಇದು ಬರೇ ಮಣ್ಣು ಅಂತ ತಿಳದಿದ್ದೆ.”

ಅವನು ಬೂಟು ಬಿಚ್ಚಿದ. ಹಿಂದಿನ ಹೆಜ್ಜೆಗಳ ಮೇಲೆಯೇ ಕಾಲಿಡುತ್ತಾ ಹೊರಗೆ ಬಂದ. ಆಮೇಲೆ ಅವಳು ಎಣಿಸದಿದ್ದದ್ದನ್ನು ಮಾಡಿದ. ಬದಿಗಿದ್ದ ಹಲಗೆ ಎತ್ತಿಕೊಂಡು ತಾನೇ ಎಳೆಯತೊಡಗಿದ.

“ಹಂಗಲ್ರಿ. ಕುಳಿಯಿಂದ ಹೊರಗ, ಸುತ್ತ ಸುತ್ತ ಎಳೀಬೇಕು. ಕೊಡ್ರಿ ಇಲ್ಲಿ.”

“ನೀವು ಹೇಳ್ರಿ, ನಾ ಮಾಡ್ತೇನಿ. ಹಾಳು ಮಾಡಿದಾಂವ ನಾನೇ ಅಲ್ಲೇನ್ರಿ?”

ಅರ್ಧ ಗಂಟೆ ಅವನು ಬರಿಗಾಲಲ್ಲಿ ಸುತ್ತಿದ. ಬೆವರು ಇಳಿಯುತ್ತಿತ್ತು. ಅಷ್ಟರಲ್ಲಿ ಅವಳ ಸಿಟ್ಟು ಎಲ್ಲಿ ಹೋಯಿತೋ...

ಅವನ ಹೆಸರು ಮಕರಂದ. ಭಾಲ್ಕಿಯವನು. ಹೊಲ, ನಿವೇಶನಗಳ ಅಳತೆ ಮಾಡುವುದು ಅವನ ಕೆಲಸ. ಮೈದಾನದ ಗಡಿ ಅಳೆಯಲು ಕ್ಲಬ್ಬಿನವರು ಕರೆಸಿದ್ದರು. ನಾಲ್ಕು ದಿನದ ಕೆಲಸ. ನಾಲ್ಕು ದಿನ ಮುಗಿದ ಮೇಲೂ ಅವನು ಭಾನುವಾರ ಬೆಳಗ್ಗೆ ರೈಲು ಹತ್ತಿ ಬೀದರಕ್ಕೆ ಬರತೊಡಗಿದ.

“ನನಗೂ ಕಲಸ್ರಿ” ಎಂದ ಒಂದು ದಿನ.

“ದೂರ ಹೊಡಿಯೂದು ಕಲಿಸೂದಿಲ್ಲ” ಎಂದಳು ಅವಳು. “ಅದು ತೋಳಿನ ಆಟ, ಯಾರರೆ ಕಲಿಸ್ತಾರ. ಕುಳಿಯ ಹತ್ರದ ಆಟ ಕಲಿಸ್ತೇನಿ. ಆಟ ಗೆಲ್ಲೂದು ಅಲ್ಲಿ.”

ಅವಳಿಗೆ ಆಗ ಇಪ್ಪತ್ತಾರು. ಬೀದರದ ಒಂದು ಶಾಲೆಯಲ್ಲಿ ತಾತ್ಕಾಲಿಕ ದೈಹಿಕ ಶಿಕ್ಷಕಿ. ಅಪ್ಪನ ಹಿಂದೆ ಅಡ್ಡಾಡುತ್ತಲೇ ಹಳೆಯ ಕೋಲು, ಸವೆದ ಚೆಂಡು ಹಿಡಿದು ಆಟ ಕಲಿತವಳು. ದೂರ ಹೊಡೆಯಲು ಅವಳಿಗೆ ಯಾರೂ ಜಾಗ ಬಿಡುತ್ತಿರಲಿಲ್ಲ. ಹಾಗಾಗಿ ಬ್ರೌನಿನ ಅಂಚಿನಲ್ಲೇ ಬೆಳೆದಳು. ಹತ್ತಿರದ ಆಟದಲ್ಲಿ ಅವಳನ್ನು ಮೀರಿಸುವವರು ಆ ಮೈದಾನದಲ್ಲಿ ಇರಲಿಲ್ಲ.

“ಕೋಲು ಹಿಂಗ ಬಿಗಿ ಹಿಡದ್ರ ಚೆಂಡಿಗಿ ಅಂಜಿಕಿ ಆಗ್ತದ. ಹಸಿ ತತ್ತಿ ಹಿಡದಂಗ ಹಿಡೀರಿ. ಮಣಿಕಟ್ಟು ಆಡಬಾರದು. ಭುಜ ಆಡಬೇಕು, ತೊಟ್ಟಲ ತೂಗಿದಂಗ.”

ಅವನು ಹೊಡೆದ. ಚೆಂಡು ಕುಳಿಯ ಪಕ್ಕದಲ್ಲಿ ಹಾಯ್ದು ಹೋಯಿತು.

“ನೀವು ತಲಿ ಎತ್ತಿದ್ರಿ. ಚೆಂಡು ಕುಳಿಯಾಗ ಬಿದ್ದ ಸಪ್ಪಳ ಕಿವಿಗಿ ಬರೂತನಕ ತಲಿ ಎತ್ತಬಾರದು.”

“ಎಲ್ಲಿ ಹೊಂಟದ ಅಂತ ನೋಡಬ್ಯಾಡೇನು?”

“ಹೊಡದ ಮ್ಯಾಲ ನೋಡಿ ಏನ್ ಮಾಡ್ತೀರಿ?”

ಮಕರಂದ ನಕ್ಕ. ಅವಳಿಗೂ ನಗು ತಡೆಯಲಾಗಲಿಲ್ಲ.

ಕುಳಿಯ ಸುತ್ತ ಮೂರು ಅಡಿ ದೂರದಲ್ಲಿ ಹನ್ನೆರಡು ಚೆಂಡು ಇಟ್ಟು, ಒಂದೂ ತಪ್ಪದೆ ಒಳಗೆ ಹಾಕುವ ತನಕ ಅವನನ್ನು ಮನೆಗೆ ಕಳಿಸುತ್ತಿರಲಿಲ್ಲ. ಒಂದು ತಪ್ಪಿದರೆ ಮತ್ತೆ ಮೊದಲಿನಿಂದ. ಅವನಿಗೆ ಇಳಿಜಾರು ಚೆನ್ನಾಗಿ ಕಾಣುತ್ತಿತ್ತು, ಕಸುಬೇ ಅದು. “ಎಡಕ್ಕ ಎರಡು ಬೆರಳು ಇಳಿತದ” ಎಂದರೆ ಅಷ್ಟೇ ಇಳಿಯುತ್ತಿತ್ತು. ಅವಳಿಗೆ ದೂರದ ಅಂದಾಜು ಅಂಗಾಲಿನಲ್ಲೇ ಸಿಗುತ್ತಿತ್ತು. ಇಬ್ಬರೂ ಸೇರಿದರೆ ಚೆಂಡಿಗೆ ಬೇರೆ ದಾರಿಯೇ ಇರುತ್ತಿರಲಿಲ್ಲ. ಹಾಗೆ ಅವನು ಸ್ಪರ್ಧೆಗಳಲ್ಲಿ ಅವಳ ಚೀಲ ಹೊರುವ ಜೊತೆಗಾರನಾದ.

ಪ್ರೀತಿ ಎಂದು ಯಾರೂ ಹೇಳಿಕೊಳ್ಳಲಿಲ್ಲ. ಒಂದು ಭಾನುವಾರ ಅವನು ಬರಲಿಲ್ಲ. ಆ ದಿನ ಆಮ್ರಪಾಲಿ ಮೂರು ಅಡಿಯ ಹೊಡೆತ ಐದು ಸಲ ತಪ್ಪಿದಳು. ಮಚ್ಛೇಂದ್ರ ಹಲಗೆಯ ಮೇಲೆ ಗದ್ದ ಊರಿ ನೋಡುತ್ತಿದ್ದ.

“ಹುಡುಗ ಛಲೋ ಇದ್ದಾನ” ಎಂದ, ಕೇಳದೆಯೇ.

“ಅಪ್ಪಾ...”

“ನಾ ಚೆಂಡಿನ ಮಾತು ಆಡ್ಲತ್ತೇನಿ ತಗೋ.”

ಮರುವಾರ ಮಕರಂದ ಬಂದಾಗ ನೇರವಾಗಿಯೇ ಹೇಳಿದ. “ಮನ್ಯಾಗ ಆಯಿಗೆ ಜ್ವರ ಇತ್ತು, ಅದಕ್ಕ ಬರಲಿಲ್ಲ. ಇಲ್ಲಿಗಿ ಬರದಿದ್ದಕ್ಕ ನಂಗೂ ಜ್ವರ ಬಂದಂಗ ಆತು. ಏನ್ ಮಾಡಲಿ, ಹೇಳ್ರಿ.”

ಅವನ ಹೆಗಲ ಚೀಲದಿಂದ ಅವಳು ತನ್ನ ಕೋಲು ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಸರಿಸಲಿಲ್ಲ. ಅಷ್ಟೇ.

* * *

ಆ ವರ್ಷದ ಡಿಸೆಂಬರಿನಲ್ಲಿ ವಲಯ ಮಟ್ಟದ ಮಹಿಳಾ ಸ್ಪರ್ಧೆ ಇದೇ ಮೈದಾನದಲ್ಲಿ ನಡೆಯಿತು. ಗೆದ್ದವರಿಗೆ ಬೆಂಗಳೂರಿನಲ್ಲಿ ಆರು ತಿಂಗಳ ಕೋಚ್ ತರಬೇತಿ. ತರಬೇತಿ ಮುಗಿಸಿ ಬಂದರೆ ಇಲ್ಲಿಯೇ ಕೋಚ್ ಹುದ್ದೆ.

ಕ್ಲಬ್ಬಿನ ವರಾಂಡದಲ್ಲಿ ಬೆತ್ತದ ಕುರ್ಚಿಗಳಿದ್ದವು. ಇಪ್ಪತ್ತಾರು ವರ್ಷದಲ್ಲಿ ಮಚ್ಛೇಂದ್ರ ಆ ಕುರ್ಚಿಯಲ್ಲಿ ಕೂತಿರಲಿಲ್ಲ. ಬೇಡ ಅಂದವರೂ ಇಲ್ಲ, ಕೂಡು ಅಂದವರೂ ಇಲ್ಲ. ಅವನು ಚಹಾ ಕುಡಿಯುತ್ತಿದ್ದದ್ದು ಮೆಟ್ಟಿಲ ಮೇಲೆ ಕೂತು. ಕೋಚಿನ ಅಪ್ಪನನ್ನು ಮೆಟ್ಟಿಲ ಮೇಲೆ ಕೂರಿಸಲಾರರು ಎಂಬುದು ಆಮ್ರಪಾಲಿಯ ಲೆಕ್ಕ. ಇದನ್ನು ಅವಳು ಮಕರಂದನಿಗೂ ಹೇಳಿರಲಿಲ್ಲ.

ಕೊನೆಯ ಕುಳಿಗೆ ಬರುವ ಹೊತ್ತಿಗೆ ಅವಳೂ, ಬೀದರದವಳೇ ಆದ ಇನ್ನೊಬ್ಬ ಆಟಗಾರ್ತಿ ಜೇಬಾಳೂ ಸಮ ಸಮ. ಜೇಬಾಳ ಚೆಂಡು ಬ್ರೌನಿನ ಮೇಲಿತ್ತು. ಆಮ್ರಪಾಲಿಯದು ಬ್ರೌನಿನ ಹೊರಗೆ, ಹದಿನೈದು ಹೆಜ್ಜೆ ದೂರ, ಒಣ ಹುಲ್ಲಿನ ಮೇಲೆ ಕೂತಿತ್ತು. ಎತ್ತಿ ಹಾಕಿ, ಗಟ್ಟಿ ನೆಲಕ್ಕೆ ಒಮ್ಮೆ ಬಡಿಸಿ, ಉಳಿದದ್ದನ್ನು ಉರುಳಲು ಬಿಡಬೇಕಾದ ಹೊಡೆತ. ಅವಳದೇ ಹೊಡೆತ.

ಚೆಂಡಿಗೆ ಅಂಟಿಕೊಂಡು ಒಂದು ಒಣಗಿದ ಕಡ್ಡಿ ಬಿದ್ದಿತ್ತು. ಅವಳು ಬಗ್ಗಿ ಅದನ್ನು ತೆಗೆದಳು.

ಚೆಂಡು ಕೂತಲ್ಲಿಂದ ಒಂದು ಜೋಳದ ಕಾಳಿನಷ್ಟು ಜಾರಿ, ನಿಂತಿತು.

ಕಸ ತೆಗೆಯಬಹುದು. ಆದರೆ ತೆಗೆಯುವಾಗ ಚೆಂಡು ಜಾಗ ಬಿಟ್ಟರೆ ಒಂದು ಹೊಡೆತ ದಂಡ. ಚೆಂಡನ್ನು ಮೊದಲಿನ ಜಾಗದಲ್ಲಿಟ್ಟು ಹೊಡೆಯಬೇಕು. ಇಡದೆ ಹೊಡೆದರೆ ದಂಡ ಎರಡು. ಆಟ ಕಲಿತ ಮೊದಲ ವಾರವೇ ಅಪ್ಪ ಕಲಿಸಿದ ನಿಯಮ.

“ಆಮ್ರಪಾಲಿ...” ಹಿಂದಿನಿಂದ ಮಕರಂದ ಮೆಲ್ಲಗೆ ಕರೆದ.

ಅವಳು ತಿರುಗಲಿಲ್ಲ. ‘ಇಲ್ಲ, ಅಲುಗಿಲ್ಲ. ನೆರಳು ಅಷ್ಟೇ. ಗಾಳಿಗೆ ಹುಲ್ಲು ಆಡಿತು ಅಷ್ಟೇ...’ ಮನಸ್ಸು ಎಷ್ಟು ಬೇಗ ಸುಳ್ಳು ಕಟ್ಟಿತೆಂದರೆ ಅವಳಿಗೇ ನಂಬುವಂತಾಯಿತು. ಹೊಡೆದಳು. ಚೆಂಡು ಬಡಿದು, ಉರುಳಿ, ಕುಳಿಯಿಂದ ಮೂರು ಅಡಿಗೆ ನಿಂತಿತು. ಜೇಬಾಳ ಹೊಡೆತ ತಪ್ಪಿತು. ಆಮ್ರಪಾಲಿ ಆ ಮೂರು ಅಡಿಯನ್ನು ತಲೆ ಎತ್ತದೆ ಒಳಗೆ ಹಾಕಿದಳು.

ಒಂದು ಹೊಡೆತದಿಂದ ಗೆಲುವು. ಬ್ರೌನಿನ ಆಚೆ ಬದಿಗೆ ಹಲಗೆ ಹಿಡಿದು ನಿಂತಿದ್ದ ಅಪ್ಪನ ಕಡೆ ಅವಳು ನೋಡಿದಳು. ಅವನು ಚಪ್ಪಾಳೆ ತಟ್ಟುತ್ತಿರಲಿಲ್ಲ. ಸಂತೋಷಕ್ಕೆ ಕೈ ಕಾಲು ಆಡುತ್ತಿಲ್ಲ ಎಂದುಕೊಂಡಳು.

ಅಂಕದ ಚೀಟಿಗೆ ಸಹಿ ಹಾಕುವ ಮುಂಚೆ ಜೇಬಾ ಸಂಕೋಚದಿಂದಲೇ ತೀರ್ಪುಗಾರ ಅಯ್ಯುಬ ಸಾಹೇಬರ ಹತ್ತಿರ ಹೇಳಿದಳು. “ಕಡ್ಡಿ ತೆಗಿಬೇಕಾದ್ರ ಚೆಂಡು ಸರದಂಗ ಕಾಣ್ತರಿ. ದೂರಿಂದ ನೋಡಿದ್ದು, ನಂಗ ಖಾತ್ರಿ ಇಲ್ಲ.”

ಅಯ್ಯುಬ ಸಾಹೇಬರು ಆಮ್ರಪಾಲಿಯನ್ನು ನೋಡಿದರು. “ಬೇಟಿ, ಚೆಂಡು ಅಲುಗಿತ್ತೇನು?”

“ಇಲ್ರಿ.”

ಒಂದೇ ಮಾತು. ಎಷ್ಟು ಸಲೀಸಾಗಿ ಬಂದುಬಿಟ್ಟಿತು!

ಸಾಹೇಬರು ಮಕರಂದನ ಕಡೆ ತಿರುಗಿದರು. “ನೀವು ಹತ್ರ ಇದ್ರಿ. ನೀವೇನ್ ಹೇಳ್ತೀರಿ?”

ಮಕರಂದನ ಮುಖ ಸುಣ್ಣದಂತಾಗಿತ್ತು. ಅವನು ಅವಳನ್ನೇ ನೋಡಿದ. ಆ ನೋಟದಲ್ಲಿ ಬೇಡಿಕೆ ಇತ್ತು. ನೀನೇ ಹೇಳು... ಈಗಲಾದರೂ ಹೇಳು... ಅವಳು ಕಣ್ಣು ತಪ್ಪಿಸಿದಳು.

“ಅಲುಗಿತ್ತರಿ” ಎಂದ ಅವನು.

ಆಟಗಾರ್ತಿಗೆ ಗೊತ್ತಾಗದೆ ಆದದ್ದು ಎಂದು ಬರೆದುಕೊಂಡು ಸಾಹೇಬರು ಎರಡು ಹೊಡೆತ ದಂಡ ಹಾಕಿದರು. ಆಮ್ರಪಾಲಿ ಒಂದು ಹೊಡೆತದಿಂದ ಸೋತಳು.

ಬೇಲಿಯ ಹತ್ತಿರ ಅವನು ಹಿಂದೆ ಬಂದ.

“ಖರೇನ ನೀವು ನೋಡಿಲ್ಲೇನು?”

“ನೋಡಿಲ್ಲ.”

“ನಾ ಕರದೆ...”

“ನಾ ಗೆಲ್ಲೂದು ನಿಮಗ ಬ್ಯಾಡಾಗಿತ್ತು” ಎಂದಳು. “ಕೋಚ್ ಆದ್ರ ನಾ ನಿಮ್ಮ ಸರಿಸಮ ಆಗ್ತೇನಿ. ಹಲಗಿ ಎಳಿಯಾಂವನ ಮಗಳು ನಿಮ್ಮ ಮನಿ ಹೊಸ್ತಿಲಕ್ಕ ಬರಬಾರದಂತ ಹಿಂಗ ಮಾಡಿದ್ರಿ.”

ಮಕರಂದ ಚೀಲವನ್ನು ಹೆಗಲಿಂದ ಇಳಿಸಿ, ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ನೆಲಕ್ಕಿಟ್ಟು ನಡೆದುಬಿಟ್ಟ.

* * *

ಮೂರು ವರ್ಷ ಕಳೆಯಿತು.

ಕ್ಲಬ್ಬಿನಲ್ಲಿ ಜನ ಆಮ್ರಪಾಲಿಯ ಪರವಾಗಿಯೇ ಇದ್ದರು. ಚೀಲ ಹೊತ್ತವನೇ ಮುಳುಗಿಸಿದ ಎಂದರು. ಮರುಕಕ್ಕೋ ಏನೋ, ಭಾನುವಾರ ಮಕ್ಕಳಿಗೆ ಆಟ ಹೇಳಿಕೊಡುವ ಕೆಲಸವನ್ನೂ ಕೊಟ್ಟರು. ಮಕರಂದ ಮತ್ತೆ ಆ ಮೈದಾನಕ್ಕೆ ಕಾಲಿಡಲಿಲ್ಲ. ಅವನನ್ನು ಬೈಯುವ ಮಾತು ಬಂದಾಗಲೆಲ್ಲ ಅವಳು ಸುಮ್ಮನಿರುತ್ತಿದ್ದಳು. ಆ ಸುಮ್ಮನಿರುವಿಕೆಯನ್ನು ಜನ ದೊಡ್ಡತನ ಎಂದುಕೊಂಡರು. ರಾತ್ರಿ ದಿಂಬಿಗೆ ತಲೆ ಕೊಟ್ಟರೆ ಸಾಕು, ಜೋಳದ ಕಾಳಿನಷ್ಟು ಜಾಗ ಕಣ್ಣ ಮುಂದೆ ಬರುತ್ತಿತ್ತು.

ಹಗಲು ಅವನ ಮೇಲೆ ಸಿಟ್ಟು. ರಾತ್ರಿ ತನ್ನ ಮೇಲೆ.

ಎರಡನೆಯ ವರ್ಷದಲ್ಲಿ ಮಚ್ಛೇಂದ್ರನಿಗೆ ಉಸಿರಿನ ಕಾಯಿಲೆ ಅಂಟಿತು. ಶ್ವಾಸಕೋಶ ಕಲ್ಲಿನಂತೆ ಗಟ್ಟಿಯಾಗುತ್ತಿದೆ, ವಾಸಿಯಾಗುವಂಥದ್ದಲ್ಲ ಎಂದರು ವೈದ್ಯರು. ಅವನು ಹಲಗೆಯನ್ನು ಬೇರೆಯವರ ಕೈಗೆ ಕೊಟ್ಟು ಸ್ವಂತ ಊರು ಔರಾದಕ್ಕೆ, ಹೆಂಡತಿ ಶಾಲುಬಾಯಿಯ ಹತ್ತಿರಕ್ಕೆ ಬಂದ. ಆಮ್ರಪಾಲಿಯೂ ಜೊತೆಗೆ ಬಂದು, ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಬೀದರಕ್ಕೆ ಹೋಗಿ ಬರತೊಡಗಿದಳು.

ಸಂಜೆ ಅವಳು ಬಂದ ಕೂಡಲೇ ಅಪ್ಪನಿಗೆ ಒಂದೇ ಆಸೆ. ಅಂಗಳದಲ್ಲಿ ಸ್ಟೀಲಿನ ಲೋಟ ಅಡ್ಡ ಮಲಗಿಸಿ, ಅವಳು ಚೆಂಡು ಹೊಡೆಯಬೇಕು. ಅವನು ಹೊರಸಿನ ಮೇಲೆ ಒರಗಿ ಕಣ್ಣು ಮುಚ್ಚಿ ಕೇಳುತ್ತಾನೆ. ಟಣ್ ಎಂದರೆ ತಲೆಯಾಡಿಸುತ್ತಾನೆ.

“ಈಗ ತಲಿ ಎತ್ತಿದಿ.”

“ಕಣ್ಣು ಮುಚ್ಚೀರಿ. ಹ್ಯಾಂಗ ಗೊತ್ತಾತು?”

“ಸಪ್ಪಳದಾಗ ಗೊತ್ತಾಗ್ತದವ್ವಾ. ಮನಸು ಎಲ್ಲೋ ಇದ್ರ ಚೆಂಡಿನ ಸಪ್ಪಳ ಬ್ಯಾರೆ ಇರ್ತದ.” ಉಸಿರಿಗೆ ತಡಕಾಡಿ ಮತ್ತೆ ಕೇಳಿದ. “ಮನಸಿನ್ಯಾಗ ಏನರೆ ಅದ ಏನು?”

“ಏನಿಲ್ಲಪ್ಪಾ.”

“ಇದ್ರ ಹೇಳು.”

“ಏನಿಲ್ಲ. ಜರಾ ದಣಿವಾಗ್ಯದ.”

ಅವನು ಅವಳನ್ನೇ ನೋಡುತ್ತಾ ಇದ್ದ. ಆಮೇಲೆ ಗೋಡೆಯ ಕಡೆ ಮಗ್ಗುಲಾದ. ಹಾಗೆ ಕೇಳಿದ್ದು ಒಂದು ಸಲವಲ್ಲ. ನಾಲ್ಕೈದು ಸಲ. ಪ್ರತಿ ಸಲವೂ ಅವಳು ಏನಿಲ್ಲ ಎಂದೇ ಹೇಳಿದಳು. ಸಾಯುವ ಮನುಷ್ಯನಿಗೆ ಮಗಳ ಮೇಲಿನ ಹೆಮ್ಮೆಯನ್ನಾದರೂ ಉಳಿಸಬೇಕಲ್ಲ... ಹೇಗೆ ಹೇಳುವುದು?

ಫೆಬ್ರವರಿಯ ಒಂದು ಬೆಳಗ್ಗೆ, ಶಾಲುಬಾಯಿ ಚಹಾ ತರುವಷ್ಟರಲ್ಲಿ, ಮಚ್ಛೇಂದ್ರ ಹೋಗಿಬಿಟ್ಟಿದ್ದ. ಆಮ್ರಪಾಲಿ ಪಕ್ಕದಲ್ಲೇ ಇದ್ದಳು. ಕೈ ಹಿಡಿದಿದ್ದಳು. ಇಪ್ಪತ್ತೆಂಟು ವರ್ಷ ಹಲಗೆ ಎಳೆದ ಕೈ. ಅಂಗೈ ಇನ್ನೂ ಒರಟಾಗಿಯೇ ಇತ್ತು.

ಮೇಣದ ಬತ್ತಿ ಹಚ್ಚಿದರು. ಬಿಳಿ ಬಟ್ಟೆ ಉಟ್ಟ ನೆಂಟರು ಬುದ್ಧ ವಂದನೆ ಹೇಳಿದರು. ಕ್ಲಬ್ಬಿನಿಂದ ಹೂವಿನ ಹಾರ ಬಂತು. ಮಣ್ಣು ಹಾಕಿ ತಿರುಗಿ ಬರುವಾಗ ಬೇವಿನ ಮರದ ಹತ್ತಿರ ಒಬ್ಬ ನಿಂತಿದ್ದದ್ದು ಅವಳಿಗೆ ಕಂಡಿತು. ತೆಳ್ಳಗಾಗಿದ್ದ. ಕೈ ಮುಗಿದು ನಿಂತಿದ್ದ. ಅವಳು ಇನ್ನೊಮ್ಮೆ ನೋಡುವಷ್ಟರಲ್ಲಿ ಹೋಗಿದ್ದ.

“ಆ ಭಾಲ್ಕಿ ಹುಡುಗ ಮನಿಗೂ ಬಂದಿದ್ದ” ಎಂದಳು ಶಾಲುಬಾಯಿ, ಮೂರು ದಿನ ಬಿಟ್ಟು. “ನೀರು ಸುದ್ದಾ ಕುಡಿಲಿಲ್ಲ. ನಿಮ್ಮಪ್ಪನ ಮಾರಿ ನೋಡಿ ಭಾಳ ಅತ್ತ.”

ಆ ರಾತ್ರಿಯಿಂದ ಆಮ್ರಪಾಲಿಗೆ ಊಟ ಇಳಿಯಲಿಲ್ಲ. ಅಪ್ಪನಿಗಾಗಿ ಎಂದು ಮೂರು ವರ್ಷ ಕಾಪಾಡಿದ ಸುಳ್ಳು. ಈಗ ಅಪ್ಪನೇ ಇಲ್ಲ. ಹಾಗಾದರೆ ಯಾರಿಗಾಗಿ?

* * *

ಮೊದಲು ಅವಳು ಹೋದದ್ದು ಬೀದರದ ಗಾಂಧಿ ಗಂಜಕ್ಕೆ. ಅಯ್ಯುಬ ಸಾಹೇಬರು ಅಲ್ಲಿ ಅಣ್ಣನ ತೊಗರಿ ಅಂಗಡಿಯಲ್ಲಿ ಕೂರುತ್ತಿದ್ದರು. ಲಾರಿಗೆ ಮೂಟೆ ಏರುತ್ತಿತ್ತು, ಹಮಾಲರ ಕೂಗು, ದೂಳು. ಆ ಗದ್ದಲದ ನಡುವೆ ಅವಳು ನಿಂತೇ ಹೇಳಿದಳು.

“ಸಾಹೇಬ್ರ, ಆ ದಿನ ಚೆಂಡು ಅಲುಗಿತ್ತರಿ. ನಾ ನೋಡಿದ್ದೆ. ನೋಡಿಲ್ಲಂತ ಸುಳ್ಳು ಹೇಳಿದೆ.”

ಸಾಹೇಬರು ಕನ್ನಡಕ ತೆಗೆದರು. “ಕೂಡು ಬೇಟಿ.”

“ನಿಂತೇ ಇರ್ತೇನಿ.”

“ಈಗ ಯಾಕ ಹೇಳ್ಲತ್ತಿ? ಕೇಳಿದಾವ್ರು ಯಾರೂ ಇಲ್ಲ.”

“ಅದಕ್ಕರಿ.”

ಅವರು ತೊಗರಿಯ ರಾಶಿಯ ಕಡೆ ನೋಡಿದರು. “ನಾ ಕಮಿಟಿಗೆ ಹೇಳಬೇಕಾಗ್ತದ. ಮಕ್ಕಳ ಕ್ಲಾಸು ನಿನ್ನ ಕೈಯಾಗ ಉಳೀಲಿಕ್ಕಿಲ್ಲ.”

“ಗೊತ್ತದರಿ. ಜೇಬಾಗೂ ನಿನ್ನೆ ಫೋನ್ ಮಾಡಿ ಹೇಳೇನಿ.”

“ಆ ಹುಡುಗಗ ಹೇಳಿದಿ ಏನು?”

ಅವಳು ತಲೆ ಅಲ್ಲಾಡಿಸಿದಳು. ಇಲ್ಲ.

ಮಕ್ಕಳ ಕ್ಲಾಸು ಆ ವಾರವೇ ಹೋಯಿತು. ಭಾನುವಾರ ಖಾಲಿಯಾಯಿತು. ಆ ಖಾಲಿ ಭಾನುವಾರ ಅವಳು ಔರಾದದಿಂದ ಭಾಲ್ಕಿಯ ಬಸ್ಸು ಹತ್ತಿದಳು.

ಮಕರಂದನ ಮನೆಯ ಬಾಗಿಲು ತೆರೆದವಳು ಅವನ ತಾಯಿ ಪ್ರಮಿಲಾ. ಕೈಗೆ ಹಿಟ್ಟು ಮೆತ್ತಿತ್ತು. ಆಮ್ರಪಾಲಿ ಹೊಸ್ತಿಲ ಹೊರಗೇ ನಿಂತಳು. ಹೆಸರು ಹೇಳಲು ಬಾಯಿ ತೆರೆಯುವ ಮುಂಚೆ ಆಕೆಯೇ ಕೇಳಿದಳು.

“ನೀ ಆಮ್ರಪಾಲಿ ಅಲ್ಲೇನು?”

“ನಿಮಗ ಹ್ಯಾಂಗ ಗೊತ್ತು?”

“ಫೋಟೋ ತೋರಿಸಿದ್ದ. ಮೂರು ವರ್ಷ ಆತು. ಆ ಆಟದ ಹಿಂದಿನ ವಾರ. ಆಯಿ, ಈಕೀನ ಮನಿಗಿ ಕರಕೊಂಡು ಬರಲೇನು ಅಂತ ಕೇಳಿದ. ನಂಗೂ ಎರಡು ದಿನ ನಿದ್ದಿ ಬರಲಿಲ್ಲ, ಸುಳ್ಳು ಯಾಕ ಹೇಳಲಿ... ಮೂರನೇ ದಿನ, ಕರಕೊಂಡು ಬಾ ಅಂದೆ.” ಪ್ರಮಿಲಾ ಸೆರಗಿನಿಂದ ಕೈ ಒರೆಸಿಕೊಂಡಳು. “ನೀ ಬರಲಿಲ್ಲ. ಅವನೂ ಏನೂ ಹೇಳಲಿಲ್ಲ. ಒಳಗ ಬಾರವ್ವಾ, ಬಿಸಲಾಗ ನಿಂತೀದಿ.”

ಆಮ್ರಪಾಲಿ ಕಾಲ ಬಳಿಯ ಹೊಸ್ತಿಲನ್ನೇ ನೋಡಿದಳು. ಹೊಸ್ತಿಲಕ್ಕ ಬರಬಾರದಂತ ಹಿಂಗ ಮಾಡಿದ್ರಿ... ತಾನೇ ಆಡಿದ ಮಾತು. ಆ ಮಾತು ಕೇಳಿಯೂ ಅವನು ಬಾಯಿ ಬಿಟ್ಟಿರಲಿಲ್ಲ.

“ಅವ್ರು ಎಲ್ಲಿ ಅದಾರ?”

“ಹಲಬರ್ಗಾಕ್ಕ ಹೋಗ್ಯಾನ. ಅಣ್ಣತಮ್ಮರ ಹೊಲ ಅಳೀಲಿಕ್ಕಿ.”

* * *

ಹಲಬರ್ಗಾದಲ್ಲಿ ಕಡಲೆ ಕೊಯ್ದ ಹೊಲ. ಮಕರಂದ ಮೂರು ಕಾಲಿನ ಸ್ಟ್ಯಾಂಡು ಮಡಚುತ್ತಿದ್ದ. ಅಣ್ಣತಮ್ಮಂದಿರು ಗಡಿಕಲ್ಲು ಒಪ್ಪಿಕೊಂಡು ಊಟಕ್ಕೆ ಹೋಗಿದ್ದರು. ಬದುವಿನ ಮೇಲೆ ಬರುತ್ತಿದ್ದ ಅವಳನ್ನು ನೋಡಿ ಅವನ ಕೈ ನಿಂತಿತು.

ಅವಳು ಹತ್ತು ಹೆಜ್ಜೆ ದೂರದಲ್ಲಿ ನಿಂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು.

“ಅಲುಗಿತ್ತು” ಎಂದಳು. “ನಾ ನೋಡಿದ್ದೆ. ನೀವು ಕರದಿದ್ದೂ ಕೇಳಿಸಿತ್ತು.”

ಅವನು ಸ್ಟ್ಯಾಂಡನ್ನು ನೆಲಕ್ಕಿಟ್ಟ.

“ಅಯ್ಯುಬ ಸಾಹೇಬರಿಗಿ ಹೇಳೇನಿ. ಜೇಬಾಗೂ ಹೇಳೇನಿ. ಮೊದಲು ನಿಮ್ಮ ಹತ್ರ ಬರಬೇಕಾಗಿತ್ತು, ಧೈರ್ಯ ಆಗಲಿಲ್ಲ. ಮೂರು ವರ್ಷ ಮಂದಿ ನಿಮ್ಮನ್ನ ಬೈದ್ರ ನಾ ಸುಮ್ಮನ ಕುಂತೆ. ಮತ್ತ ಆ ದಿನ ನಾ ಆಡಿದ ಮಾತು...” ಅವಳು ಗಡಿಕಲ್ಲಿನ ಕಡೆ ನೋಡಿದಳು. “ನಿಮ್ಮ ಆಯಿ ಈಗ ಎಲ್ಲಾ ಹೇಳಿದ್ರು. ನನ್ನ ಮಾರಿ ನಂಗೇ ನೋಡ್ಲಿಕ್ಕಿ ಆಗಲ್ತು.”

ಮಕರಂದ ಬದುವಿನ ಮೇಲೆ ಕೂತ. ಟೋಪಿ ತೆಗೆದು ಪಕ್ಕಕ್ಕಿಟ್ಟ.

“ಕೂಡ್ರಿ. ನಿಮಗ ಒಂದು ಹೇಳಬೇಕು. ಹೇಳಬ್ಯಾಡಂತ ಮಾತು ತಗೊಂಡಿದ್ರು. ಈಗ ಹೇಳಬಹುದು ಅನಸ್ತದ.”

“ಯಾರು?”

“ನಿಮ್ಮಪ್ಪ. ಆಟ ಆದ ಎಂಟು ದಿನಕ್ಕ ಭಾಲ್ಕಿಗಿ ಬಂದಿದ್ರು.”

ಅವಳು ಬದುವಿನ ಮೇಲೆ ಕೂತಳು.

“ಅವ್ರೂ ನೋಡಿದ್ರು, ಆಮ್ರಪಾಲಿ. ಹಲಗಿ ಹಿಡಕೊಂಡು ಬ್ರೌನಿನ ಆಚಿ ಕಡಿ ನಿಂತಿದ್ರಲ್ಲ. ಬಸ್‌ಸ್ಟ್ಯಾಂಡಿನ್ಯಾಗ ನನ್ನ ಕೈ ಹಿಡದು, ನನ್ನ ಮಗಳು ಸುಳ್ಳು ಹೇಳ್ಯಾಳ, ಆಕಿ ಪರವಾಗಿ ನಾ ಮಾಫಿ ಕೇಳ್ತೇನಿ ಅಂದ್ರು. ನನಗ ಏನ್ ಹೇಳಬೇಕು ತಿಳಿಲಿಲ್ಲ. ನೀವು ಕೇಳ್ರಿ ಆಕೀಗಿ ಅಂದೆ. ಬ್ಯಾಡ, ನಾ ಕೇಳಿದ್ರ ಆಕಿ ಅಂಜಿ ಹೇಳ್ತಾಳ. ತಾನೇ ಹೇಳ್ತಾಳ ಒಂದು ದಿನ, ನನ್ನ ಮಗಳು ಅಂಥಾಕಿ ಅಲ್ಲ, ಅಲ್ಲೀತನಕ ನೀನೂ ಕೇಳಬ್ಯಾಡ ಅಂದ್ರು.”

“ಗೊತ್ತಿತ್ತು...” ಅವಳ ಬಾಯಿಂದ ಅಷ್ಟೇ ಬಂತು. “ಅಪ್ಪಗ ಗೊತ್ತಿತ್ತು.”

ಮನಸಿನ್ಯಾಗ ಏನರೆ ಅದ ಏನು? ಇದ್ರ ಹೇಳು. ಹೊರಸಿನ ಮೇಲೆ ಉಸಿರಿಗೆ ತಡಕಾಡುತ್ತಾ ಕೇಳಿದ್ದು ಅದನ್ನೇ. ಅವನ ಹೆಮ್ಮೆ ಉಳಿಸುತ್ತೇನೆಂದು ಅವಳು ಬಾಯಿ ಮುಚ್ಚಿದ್ದಳು. ಅವನಿಗೆ ಬೇಕಾಗಿದ್ದದ್ದು ಆ ಒಂದು ಮಾತು. ಒಂದೇ ಮಾತು. ನಾಲ್ಕೈದು ಸಲ ಕೈ ಚಾಚಿದ್ದ. ಪ್ರತಿ ಸಲ ಖಾಲಿ ಕೈಯಲ್ಲಿ ಗೋಡೆಯ ಕಡೆ ತಿರುಗಿದ್ದ.

ಅಪ್ಪ ಸತ್ತ ದಿನವೂ ಆಮ್ರಪಾಲಿ ಹಾಗೆ ಅತ್ತಿರಲಿಲ್ಲ. ಕಡಲೆ ಹೊಲದ ಬದುವಿನ ಮೇಲೆ ಮೊಣಕಾಲಿಗೆ ಮುಖ ಒತ್ತಿ, ಸದ್ದು ಬಿಟ್ಟು, ಸಣ್ಣ ಮಗುವಿನಂತೆ ಅತ್ತಳು. ಮಕರಂದ ಸಮಾಧಾನ ಹೇಳಲಿಲ್ಲ. ಅಂಥ ಅಳುವಿಗೆ ಸಮಾಧಾನ ಇಲ್ಲವೆಂದು ಅವನಿಗೆ ಗೊತ್ತಿತ್ತು. ಹತ್ತಿರ ಸರಿದು, ಅವಳ ಬೆನ್ನ ಮೇಲೆ ಬಿಸಿಲು ಬೀಳದಂತೆ ಅಡ್ಡ ಕೂತ.

ಎಷ್ಟೋ ಹೊತ್ತಿನ ಮೇಲೆ ಅವಳು ಮುಖ ಎತ್ತಿದಳು.

“ಹೇಳಬಹುದಿತ್ತು ನಾ. ಆಗ ಹೇಳಿದ್ರ ಅವ್ರು ಕೇಳ್ತಿದ್ರು.”

“ಹೌದು.”

ಸುಳ್ಳು ಸಮಾಧಾನ ಹೇಳದ ಆ ‘ಹೌದು’ ಅವಳನ್ನು ಚುಚ್ಚಿತು. ಆದರೆ ಆಧಾರವೂ ಆಯಿತು. ಇವನು ಹೀಗೆಯೇ. ಇದಕ್ಕಾಗಿಯೇ ಇವನನ್ನು ಪ್ರೀತಿಸಿದ್ದು, ಇದಕ್ಕಾಗಿಯೇ ದೂಡಿದ್ದು.

“ನಿಮಗ ನನ್ನ ಮ್ಯಾಲ ಸಿಟ್ಟು ಇಲ್ಲೇನು?”

“ಅದ” ಎಂದ ಅವನು. “ಭಾಳ ಇತ್ತು. ಈಗೂ ಸ್ವಲ್ಪ ಅದ.”

“ಎಷ್ಟು ದಿನ ಇರ್ತದ?”

“ಗೊತ್ತಿಲ್ಲ. ಆದ್ರ ಸಿಟ್ಟು ಇದ್ದಾಗೂ ಭಾನುವಾರ ಮುಂಜಾನಿ ಎದ್ದು ಸ್ಟೇಷನ್ನಿನ ತನಕ ಹೋಗಿ ಬರ್ತಿದ್ದೆ. ರೈಲು ಬರತಿತ್ತು. ಹತ್ತತಿರಲಿಲ್ಲ.”

ಅವಳು ಅವನ ಮುಖ ನೋಡಿದಳು. ಕಣ್ಣಂಚಿನಲ್ಲಿ ಮೂರು ವರ್ಷದ ಹಿಂದೆ ಇಲ್ಲದ ಗೆರೆಗಳಿದ್ದವು.

“ಮಕರಂದ... ನಾ ನಿಮ್ಮನ್ನ ಭಾಳ ಪ್ರೀತಿ ಮಾಡ್ತೇನಿ. ಇದನ್ನೂ ಹೇಳದ ಇಟ್ಟಿದ್ದೆ. ಇನ್ನ ಮ್ಯಾಲ ಏನೂ ಒಳಗ ಇಟಗೊಳ್ಳೂದಿಲ್ಲ.”

ಅವನ ಕಣ್ಣು ತುಂಬಿತು. ಮಣ್ಣು ಮೆತ್ತಿದ ಕೈಯಿಂದ ಒರೆಸಿಕೊಂಡಾಗ ಕೆನ್ನೆಗೆ ಮಣ್ಣಾಯಿತು. ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಿದಳು.

“ಔರಾದದ ಬಸ್ಸು ಎಷ್ಟಕ್ಕ?” ಎಂದು ಕೇಳಿದ, ದನಿ ಸರಿಮಾಡಿಕೊಂಡು.

“ಭಾಲ್ಕಿಯಿಂದ ಐದಕ್ಕ ಒಂದು ಅದ. ಹೋಗಬೇಕು. ಮನ್ಯಾಗ ನಮ್ಮ ಆಯಿ ಒಬ್ಬಾಕಿನೇ ಅದಾಳ.”

ಮಕರಂದ ಎದ್ದು ಸ್ಟ್ಯಾಂಡು ಹೆಗಲಿಗೇರಿಸಿದ. ಇನ್ನೊಂದು ಕೈಯನ್ನು ಅವಳ ಕಡೆ ಚಾಚಿದ.

“ನಡೀರಿ. ನಾನೂ ಬರ್ತೇನಿ.”

“ಇವತ್ತೇ ಏನು? ನಮ್ಮ ಆಯಿಗೆ ಏನಂತ ಹೇಳಲಿ?”

“ನೀವು ಏನೂ ಹೇಳಬ್ಯಾಡ್ರಿ” ಎಂದ. “ನಿಮ್ಮಪ್ಪ ಹೋದ ದಿನ ನಿಮ್ಮ ಮನ್ಯಾಗ ನೀರು ಸುದ್ದಾ ಕುಡೀದ ಬಂದೇನಿ. ಇವತ್ತ ಉಂಡು ಬರ್ತೇನಿ.”

ಆಮ್ರಪಾಲಿ ಅವನ ಕೈ ಹಿಡಿದು ಎದ್ದಳು.